ಸವೆದ ಮೊಣಕಾಲಿಗೆ ಬೆಲೆ ಕಟ್ಟುವವರು

1950ರಲ್ಲಿ ಶಿಕಾಗೊ ಸ್ಟ್ಯಾಗ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡ ಬಾಗಿಲು ಹಾಕಿತು. ಅದರ ಆಟಗಾರರನ್ನು ಉಳಿದ ತಂಡಗಳು ಹಂಚಿಕೊಂಡವು. ಕೊನೆಯ ಮೂರು ಹೆಸರುಗಳ ವಿಚಾರದಲ್ಲಿ ಮಾತ್ರ ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಸ್ಟನ್ ತಂಡಗಳ ಮಾಲೀಕರು ಒಮ್ಮತಕ್ಕೆ ಬರಲಿಲ್ಲ. ಚೀಟಿ ಎತ್ತೋಣ ಎಂದಾಯಿತು. ಹೆಸರು ಬರೆದ ಮೂರು ಚೀಟಿಗಳು ಒಂದು ಟೋಪಿಯೊಳಗೆ ಬಿದ್ದವು. ಬಾಸ್ಟನ್ ಸೆಲ್ಟಿಕ್ಸ್ ಮಾಲೀಕ ವಾಲ್ಟರ್ ಬ್ರೌನ್ ಅವರ ಕಣ್ಣಿದ್ದದ್ದು ಆಗಲೇ ಹೆಸರು ಮಾಡಿದ್ದ ಮ್ಯಾಕ್ಸ್ ಝಾಸ್ಲಾಫ್‌ಸ್ಕಿ ಮೇಲೆ. ಅವರ ಪಾಲಿಗೆ ಬಂದದ್ದು ಆಗಷ್ಟೇ ಕಾಲೇಜು ಮುಗಿಸಿದ್ದ ಬಾಬ್ ಕೂಸಿ. ಬ್ರೌನ್‌ಗೆ ನಿರಾಸೆಯಾಯಿತು. ತಂಡದ ತರಬೇತುದಾರ ರೆಡ್ ಅವರ್‌ಬ್ಯಾಕ್ ಅಂತೂ ಅದೇ ವರ್ಷದ ಹೊಸ ಆಟಗಾರರ ಆಯ್ಕೆಯಲ್ಲಿ ಕೂಸಿಯನ್ನು ಬೇಡವೆಂದು ಬಿಟ್ಟಿದ್ದರು. ಹಾಗೆ ಬೇಡವಾಗಿ ಬಂದ ಕೂಸಿ ಮುಂದೆ ಸೆಲ್ಟಿಕ್ಸ್‌ನ ಆರು ಚಾಂಪಿಯನ್ ತಂಡಗಳ ಆಟ ಕಟ್ಟಿದರು.

ಚೀಟಿ ಎತ್ತುವಾಗ ಕೂಸಿಯನ್ನು ಯಾರೂ ಕೇಳಿರಲಿಲ್ಲ. ಕೇಳಬೇಕು ಎಂಬ ಯೋಚನೆಯೇ ಆ ಕೋಣೆಯಲ್ಲಿದ್ದ ಯಾರಿಗೂ ಬಂದಿರಲಾರದು.

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಪ್ರತಿ ವರ್ಷ ಒಂದಲ್ಲ ಒಂದು ಊರಿನಲ್ಲಿ ಏಳುವ ಚರ್ಚೆಯೊಂದಿದೆ. ತಂಡದ ದೊಡ್ಡ ಆಟಗಾರನಿಗೆ ವಯಸ್ಸು ಮೂವತ್ತು ದಾಟಿದೆ, ಕಾಲೋ ಬೆನ್ನೋ ಪದೇ ಪದೇ ಕೈಕೊಡುತ್ತಿದೆ, ಸಂಬಳ ಮಾತ್ರ ಏರುತ್ತಲೇ ಇದೆ. ಬೆಲೆ ಇರುವಾಗಲೇ ಬೇರೆ ತಂಡಕ್ಕೆ ಕೊಟ್ಟು ಎಳೆಯರನ್ನು ತರಬೇಕೆ? ಅಥವಾ ಇಷ್ಟು ವರ್ಷ ದುಡಿದವನನ್ನು ಕೊನೆಯವರೆಗೂ ಉಳಿಸಿಕೊಳ್ಳಬೇಕೆ? ಈಗ ಐಪಿಎಲ್‌ನಲ್ಲೂ ಕೇಳಿಬರುವ ಟ್ರೇಡ್ ಅಲ್ಲಿ ಲೀಗಿನಷ್ಟೇ ಹಳೆಯದು. ಒಪ್ಪಂದ ಒಂದು ತಂಡದಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ, ಅದರ ಹಿಂದೆ ಆಟಗಾರ ಗಂಟುಮೂಟೆ ಕಟ್ಟುತ್ತಾನೆ. ಚರ್ಚೆಯಲ್ಲಿ ಅಂಕಿಸಂಖ್ಯೆಗಳೇ ತುಂಬಿರುತ್ತವೆ. ಈ ಪದ್ಧತಿಯ ಎಪ್ಪತ್ತೈದು ವರ್ಷಗಳನ್ನು ಹಿಂದಿರುಗಿ ನೋಡಿದರೆ ಅಂಕಿಸಂಖ್ಯೆಗಳಿಗಿಂತ ಮುಖ್ಯವಾಗಿ ಕಾಣುವುದು ಒಂದೇ ಸಂಗತಿ: ಯಾರ ದೇಹದ ಮೇಲೆ ಬೆಲೆ ಕಟ್ಟುತ್ತಿದ್ದಾರೋ ಅವರ ಮಾತಿಗೆ ಆ ಮೇಜಿನ ಮೇಲೆ ಜಾಗವಿತ್ತೆ ಇಲ್ಲವೆ ಎಂಬುದು.

ಕೂಸಿ ಇದನ್ನು ಬೇಗ ಅರ್ಥಮಾಡಿಕೊಂಡವರು. 1954ರಲ್ಲಿ ಎನ್‌ಬಿಎ ಆಟಗಾರರ ಸಂಘ ಕಟ್ಟಿದ್ದು ಅವರೇ. ತಂಡಗಳ ಮಾಲೀಕರು ಅದಕ್ಕೆ ಮಾನ್ಯತೆ ಕೊಡಲು 1957ರವರೆಗೆ ಎಳೆದಾಡಿದರು. ಸಂಘದ ಅಧ್ಯಕ್ಷಗಿರಿ ಅವರಿಂದ ಸೆಲ್ಟಿಕ್ಸ್‌ನದೇ ಟಾಮ್ ಹೈನ್ಸನ್‌ಗೆ, ಅಲ್ಲಿಂದ 1965ರಲ್ಲಿ ಸಿನ್ಸಿನಾಟಿ ರಾಯಲ್ಸ್ ತಂಡದ ಆಸ್ಕರ್ ರಾಬರ್ಟ್‌ಸನ್‌ಗೆ ಬಂತು. ಹೈನ್ಸನ್ ಕಾಲದಲ್ಲಿ, 1964ರ ಜನವರಿಯಲ್ಲಿ, ಪಿಂಚಣಿಯ ಭರವಸೆ ಸಿಗದೆ ಆಲ್‌ಸ್ಟಾರ್ ಪಂದ್ಯಕ್ಕೆ ಅಂಗಳಕ್ಕಿಳಿಯುವುದಿಲ್ಲ ಎಂದು ಲೀಗಿನ ಅತಿ ದೊಡ್ಡ ಆಟಗಾರರೆಲ್ಲ ಬಾಸ್ಟನ್‌ನಲ್ಲಿ ಪಟ್ಟು ಹಿಡಿದು ಕೂತರು. ಭರವಸೆ ಸಿಕ್ಕಿತು, ಪಂದ್ಯ ನಡೆಯಿತು.

ರಾಬರ್ಟ್‌ಸನ್ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ವಯಸ್ಸಾದ ತಾರೆಯನ್ನು ಮಾರಬೇಕೆ ಎಂಬ ಪ್ರಶ್ನೆಯ ಎಲ್ಲ ಎಳೆಗಳೂ ಅದರಲ್ಲಿವೆ.

1961-62ರ ಋತುವಿನಲ್ಲಿ ಅಂಕ, ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು), ಅಸಿಸ್ಟ್ (ಅಂಕಕ್ಕೆ ದಾರಿ ಮಾಡುವ ಪಾಸ್) ಈ ಮೂರರಲ್ಲೂ ಎರಡಂಕಿಯ ಸರಾಸರಿ ಸಾಧಿಸಿದ ಆಟಗಾರ ರಾಬರ್ಟ್‌ಸನ್. ಅಂಥ ಸಾಧನೆ ಇನ್ನೊಬ್ಬರಿಂದ ಆಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಆದರೆ ಅವರ ಕಾಲದಲ್ಲಿ ರಾಯಲ್ಸ್ ಎಂದೂ ಪಟ್ಟ ಗೆಲ್ಲುವ ತಂಡವಾಗಲಿಲ್ಲ. 1969ರಲ್ಲಿ ಅದರ ತರಬೇತುದಾರರಾಗಿ ಬಂದವರು ಬಾಬ್ ಕೂಸಿ. ನಿವೃತ್ತಿಯಾಗಿ ಆರು ವರ್ಷ ಕಳೆದಿದ್ದ ಅವರು ಜನರನ್ನು ಸೆಳೆಯಲು ತಾವೇ ಮತ್ತೆ ಷೂ ಕಟ್ಟಿ ಏಳು ಪಂದ್ಯ ಆಡಿದರು. ಅದಕ್ಕೂ ಒಂದು ಬೆಲೆ ತೆರಬೇಕಾಯಿತು: ಕೂಸಿಯ ಮೇಲಿನ ಹಕ್ಕು ಇನ್ನೂ ಬಾಸ್ಟನ್ ಕೈಯಲ್ಲಿತ್ತು, ಅದನ್ನು ಬಿಡಿಸಿಕೊಳ್ಳಲು ರಾಯಲ್ಸ್ ಬಿಲ್ ಡಿನ್‌ವಿಡಿ ಎಂಬ ಆಟಗಾರನನ್ನು ಕೊಟ್ಟಿತು. ಆಟಗಾರರ ಸಂಘ ಕಟ್ಟಿದ ಮನುಷ್ಯನೇ ನಲವತ್ತೊಂದನೆಯ ವಯಸ್ಸಿನಲ್ಲಿ ಇನ್ನೊಬ್ಬರ ಸೊತ್ತಾಗಿದ್ದರು.

ಕೂಸಿಗೆ ಬೇಕಾಗಿದ್ದದ್ದು ಓಡುವ, ಎಳೆಯ ತಂಡ. ರಾಬರ್ಟ್‌ಸನ್‌ಗೆ ಮೂವತ್ತೊಂದು ವರ್ಷವಾಗಿತ್ತು, ಚೆಂಡು ಅವರ ಕೈಯಲ್ಲೇ ಹೆಚ್ಚು ಹೊತ್ತು ಇರುತ್ತಿತ್ತು, ಗಾಯಗಳಿಂದ ಪಂದ್ಯಗಳೂ ತಪ್ಪುತ್ತಿದ್ದವು. ಮಾರುವುದೆಂದು ತೀರ್ಮಾನವಾಯಿತು. 1970ರ ಆರಂಭದಲ್ಲಿ ಬಾಲ್ಟಿಮೋರ್ ತಂಡದ ಜೊತೆ ವ್ಯವಹಾರ ಕುದುರಿತು. ರಾಬರ್ಟ್‌ಸನ್ ಬೇಡವೆಂದರು. ಬೇಡವೆನ್ನುವ ಅಧಿಕಾರ ಅವರಿಗಿತ್ತು. ತನ್ನ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕೊಡುವಂತಿಲ್ಲ ಎಂಬ ಷರತ್ತನ್ನು ಅವರು ಒಪ್ಪಂದದಲ್ಲಿ ಬರೆಸಿಕೊಂಡಿದ್ದರು. ಆ ಕಾಲದಲ್ಲಿ ಅದು ತೀರಾ ಅಪರೂಪ. ಬಾಲ್ಟಿಮೋರ್ ವ್ಯವಹಾರ ಮುರಿದುಬಿತ್ತು. ಏಪ್ರಿಲ್‌ನಲ್ಲಿ ಮಿಲ್‌ವಾಕಿ ಬಕ್ಸ್ ತಂಡದ ಪ್ರಸ್ತಾಪ ಬಂದಾಗ ಅವರು ಒಪ್ಪಿದರು. ಅಲ್ಲಿ ಏಳಡಿಗೂ ಹೆಚ್ಚು ಎತ್ತರದ, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂಬ ಹೆಸರಿನಿಂದ ಜಗತ್ತು ಬಲ್ಲ ಯುವಕ ಲ್ಯೂ ಆಲ್ಸಿಂಡರ್ ಇದ್ದರು. ಬದಲಿಗೆ ರಾಯಲ್ಸ್‌ಗೆ ಸಿಕ್ಕಿದವರು ಫ್ಲಿನ್ ರಾಬಿನ್ಸನ್ ಮತ್ತು ಚಾರ್ಲಿ ಪಾಕ್.

ಮರು ವರ್ಷ ಮಿಲ್‌ವಾಕಿ 66 ಪಂದ್ಯ ಗೆದ್ದು 16 ಸೋತಿತು. ಫೈನಲ್‌ನಲ್ಲಿ ಎದುರಾದದ್ದು ರಾಬರ್ಟ್‌ಸನ್ ಬೇಡವೆಂದಿದ್ದ ಅದೇ ಬಾಲ್ಟಿಮೋರ್. ನಾಲ್ಕಕ್ಕೆ ನಾಲ್ಕೂ ಪಂದ್ಯ ಮಿಲ್‌ವಾಕಿಯ ಪಾಲಾದವು. ಮುಗಿದರು ಎಂದು ಸಿನ್ಸಿನಾಟಿ ಲೆಕ್ಕ ಹಾಕಿದ್ದ ಆಟಗಾರ ಒಂದೇ ವರ್ಷದಲ್ಲಿ ಪಟ್ಟ ಗೆದ್ದರು. 1972ರಲ್ಲಿ ರಾಯಲ್ಸ್ ತಂಡವೇ ಊರು ಬಿಟ್ಟು ಕ್ಯಾನ್ಸಸ್ ಸಿಟಿಗೆ ಹೋಯಿತು, ಮುಂದೆ ಸ್ಯಾಕ್ರಮೆಂಟೊಗೆ. 1951ರ ನಂತರ ಆ ತಂಡ ಇಂದಿಗೂ ಪಟ್ಟ ಕಂಡಿಲ್ಲ.

ಅದೇ 1970ರಲ್ಲಿ ರಾಬರ್ಟ್‌ಸನ್ ಇನ್ನೊಂದು ಕೆಲಸ ಮಾಡಿದರು. ಸಂಘದ ಅಧ್ಯಕ್ಷರಾಗಿ ಲೀಗಿನ ವಿರುದ್ಧವೇ ಮೊಕದ್ದಮೆ ಹೂಡಿದರು. ಒಪ್ಪಂದದ ಅವಧಿ ಮುಗಿದರೂ ಆಟಗಾರನನ್ನು ತಂಡ ತನ್ನಲ್ಲೇ ಕಟ್ಟಿಹಾಕಬಹುದು ಎಂಬ ಷರತ್ತು, ಎದುರಾಳಿ ಲೀಗ್ ಎಬಿಎ ಜೊತೆಗಿನ ವಿಲೀನ, ಹೊಸಬರ ಆಯ್ಕೆಯ ಡ್ರಾಫ್ಟ್ ಪದ್ಧತಿ, ಎಲ್ಲವನ್ನೂ ಅದು ಪ್ರಶ್ನಿಸಿತು. 1976ರಲ್ಲಿ ರಾಜಿಯಾಯಿತು. ಅವಧಿ ಮುಗಿದ ಆಟಗಾರ ತನಗೆ ಬೇಕಾದಲ್ಲಿಗೆ ಹೋಗುವ ದಾರಿ ತೆರೆದದ್ದು ಆ ರಾಜಿಯಿಂದ. ರಾಬರ್ಟ್‌ಸನ್ ಅಷ್ಟರಲ್ಲಿ ಆಟ ನಿಲ್ಲಿಸಿ ಎರಡು ವರ್ಷವಾಗಿತ್ತು. ಫಲ ಉಂಡವರು ಅವರ ನಂತರ ಬಂದವರು.

ಇನ್ನು ದೇಹದ ಲೆಕ್ಕ. ಮಾರುವವರ ವಾದವೆಲ್ಲ ನಿಂತಿರುವುದು ಯಾರ ದೇಹ ಇನ್ನೆಷ್ಟು ದಿನ ಬಾಳುತ್ತದೆ ಎಂದು ತಿಳಿಯಬಹುದು ಎಂಬ ನಂಬಿಕೆಯ ಮೇಲೆ. ಇತಿಹಾಸ ಆ ನಂಬಿಕೆಗೆ ಅಷ್ಟು ಬೆಂಬಲ ಕೊಡುವುದಿಲ್ಲ.

1983ರಲ್ಲಿ ಫಿಲಡೆಲ್ಫಿಯಾ ಸೆವೆಂಟಿ ಸಿಕ್ಸರ್ಸ್ ತಂಡಕ್ಕೆ ಪಟ್ಟ ತಂದ ಮೋಸೆಸ್ ಮಲೋನ್ ಅವರಿಗೆ 1986ರ ವಸಂತದಲ್ಲಿ ಕಣ್ಣಿನ ಗೂಡಿನ ಮೂಳೆ ಮುರಿಯಿತು. ವಯಸ್ಸು ಮೂವತ್ತೊಂದು. ಜೂನ್‌ನಲ್ಲಿ ತಂಡ ಅವರನ್ನು, ಅವರ ಜೊತೆ ಇನ್ನೊಬ್ಬ ಆಟಗಾರನನ್ನೂ ಮುಂದಿನ ಡ್ರಾಫ್ಟ್ ಹಕ್ಕುಗಳನ್ನೂ ವಾಷಿಂಗ್ಟನ್‌ಗೆ ಕೊಟ್ಟು ಜೆಫ್ ರೂಲಂಡ್ ಮತ್ತು ಕ್ಲಿಫ್ ರಾಬಿನ್ಸನ್ ಅವರನ್ನು ತಂದಿತು. ರೂಲಂಡ್ ಮಲೋನ್‌ಗಿಂತ ಚಿಕ್ಕವರು. ಹಿಂದಿನ ಎರಡು ಋತುಗಳಲ್ಲಿ ಗಾಯದಿಂದ ಅರ್ಧಕ್ಕಿಂತ ಹೆಚ್ಚು ಪಂದ್ಯಗಳನ್ನು ತಪ್ಪಿಸಿಕೊಂಡಿದ್ದರೂ ವಯಸ್ಸು ಅವರ ಕಡೆಗಿತ್ತು. ಫಿಲಡೆಲ್ಫಿಯಾದಲ್ಲಿ ಆ ಋತುವಿನಲ್ಲಿ ಅವರು ಆಡಿದ್ದು ಐದೇ ಪಂದ್ಯ. ಮಲೋನ್ ವಾಷಿಂಗ್ಟನ್‌ನಲ್ಲಿ ಪಂದ್ಯಕ್ಕೆ 24 ಅಂಕ ಗಳಿಸಿದರು, 1995ರವರೆಗೂ ಲೀಗಿನಲ್ಲಿ ಉಳಿದರು. ಮಲೋನ್ ಅವರನ್ನು ಕೊಟ್ಟ ಅದೇ ದಿನ ಫಿಲಡೆಲ್ಫಿಯಾ ತನ್ನ ಕೈಯಲ್ಲಿದ್ದ ಡ್ರಾಫ್ಟ್‌ನ ಮೊದಲ ಆಯ್ಕೆಯನ್ನೂ ಕ್ಲೀವ್‌ಲ್ಯಾಂಡ್‌ಗೆ ಕೊಟ್ಟುಬಿಟ್ಟಿತು. ಒಂದು ಒಳ್ಳೆಯ ತಂಡ ಒಂದೇ ಹಗಲಿನಲ್ಲಿ ಹೀಗೆ ತನ್ನ ನಿನ್ನೆ ನಾಳೆ ಎರಡನ್ನೂ ಬಿಟ್ಟುಕೊಟ್ಟ ಉದಾಹರಣೆ ಆ ಆಟದ ಇತಿಹಾಸದಲ್ಲಿ ಹೆಚ್ಚಿಲ್ಲ.

ಬಿಲ್ ವಾಲ್ಟನ್ ಅವರದು ಇದಕ್ಕೆ ತಿರುಗುಮುರುಗು. 1977ರಲ್ಲಿ ಪೋರ್ಟ್‌ಲ್ಯಾಂಡ್‌ಗೆ ಪಟ್ಟ ತಂದುಕೊಟ್ಟ ಅವರ ಪಾದ ಮರು ವರ್ಷ ಮುರಿಯಿತು. ತಂಡ ನೀಡಿದ ಚಿಕಿತ್ಸೆಯ ರೀತಿಯನ್ನು ವಿರೋಧಿಸಿ ಅವರು ಒಂದು ಇಡೀ ಋತು ಆಡದೆ ಕೂತರು. ಆಮೇಲೆ ಸೇರಿದ ಸ್ಯಾನ್ ಡಿಯೇಗೊದಲ್ಲಿ ಎರಡು ಋತುಗಳ ಕಾಲ ಅಂಗಳಕ್ಕೇ ಇಳಿಯಲಾಗಲಿಲ್ಲ. 1985ರಲ್ಲಿ ಬಾಸ್ಟನ್ ಅವರನ್ನು ತಂದಿತು. ಕೊಟ್ಟದ್ದು 1981ರ ಫೈನಲ್‌ನ ಶ್ರೇಷ್ಠ ಆಟಗಾರ ಸೆಡ್ರಿಕ್ ಮ್ಯಾಕ್ಸ್‌ವೆಲ್ ಅವರನ್ನು. ಲೀಗಿನಲ್ಲೇ ಅತಿ ಹೆಚ್ಚು ನಂಬಲಾಗದ ಪಾದಗಳು ವಾಲ್ಟನ್ ಅವರದೆಂದು ಎಲ್ಲರಿಗೂ ಗೊತ್ತಿತ್ತು. ಆ ಋತುವಿನಲ್ಲಿ ಅವರು 82ರಲ್ಲಿ 80 ಪಂದ್ಯ ಆಡಿದರು, ಬದಲಿ ಆಟಗಾರರಲ್ಲಿ ಶ್ರೇಷ್ಠರೆಂಬ ಪ್ರಶಸ್ತಿ ಪಡೆದರು. ಬಾಸ್ಟನ್ ತನ್ನ ಅಂಗಳದಲ್ಲಿ ಇಡೀ ಋತುವಿಗೆ ಒಂದೇ ಒಂದು ಪಂದ್ಯ ಸೋತು 1986ರ ಪಟ್ಟ ಗೆದ್ದಿತು. ಮುಂದಿನ ಋತುವಿನಲ್ಲಿ ವಾಲ್ಟನ್ ಆಡಿದ್ದು 10 ಪಂದ್ಯ. ಅಲ್ಲಿಗೆ ಮುಗಿಯಿತು.

ಆ 1986ರ ಬಾಸ್ಟನ್ ತಂಡವೇ ಮುಂದೆ ಈ ಚರ್ಚೆಯ ಅತಿ ದೊಡ್ಡ ದೃಷ್ಟಾಂತವಾಯಿತು. ಸತತ ಮೂರು ವರ್ಷ ಲೀಗಿನ ಶ್ರೇಷ್ಠ ಆಟಗಾರ ಎನಿಸಿಕೊಂಡ ಲ್ಯಾರಿ ಬರ್ಡ್ 1985ರ ಬೇಸಿಗೆಯಲ್ಲಿ ತಾಯಿಯ ಮನೆಗೆ ಹೋಗಿದ್ದಾಗ ಜಲ್ಲಿ ತೋಡಿ ಹಾಕಿ ಬೆನ್ನು ನೋಯಿಸಿಕೊಂಡಿದ್ದರು. ಆ ನೋವು ಕೊನೆಯವರೆಗೂ ಬಿಡಲಿಲ್ಲ. ಕೆವಿನ್ ಮೆಕ್‌ಹೇಲ್ 1987ರ ಪ್ಲೇಆಫ್ ಪಂದ್ಯಗಳನ್ನು ಮುರಿದ ಪಾದದಲ್ಲೇ ಆಡಿದರು. 1988-89ರಲ್ಲಿ ಬರ್ಡ್ ಎರಡೂ ಹಿಮ್ಮಡಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆರೇ ಪಂದ್ಯ ಆಡಿದರು.

ಅದೇ ತಂಡದಲ್ಲಿದ್ದ ಡ್ಯಾನಿ ಏಂಜ್ ಒಂದು ಪ್ರಸಂಗವನ್ನು ಮುಂದೆ ಹಲವು ಸಲ ಹೇಳಿದ್ದಾರೆ. ಒಂದು ಕ್ರಿಸ್‌ಮಸ್ ಕೂಟದಲ್ಲಿ ಅವರ್‌ಬ್ಯಾಕ್ ತಮಗೆ ಬಂದಿದ್ದ ಪ್ರಸ್ತಾಪಗಳ ಬಗ್ಗೆ ಮಾತಾಡಿದರಂತೆ. ಆಗ ಅವರು ತಂಡದ ಅಧ್ಯಕ್ಷರು. ಬರ್ಡ್‌ಗೆ ಬದಲಾಗಿ ಇಂಡಿಯಾನಾ ತಂಡ ಚಕ್ ಪರ್ಸನ್, ಹರ್ಬ್ ವಿಲಿಯಮ್ಸ್, ಸ್ಟೀವ್ ಸ್ಟಿಪನೊವಿಚ್ ಮೂವರನ್ನೂ, ಮೆಕ್‌ಹೇಲ್‌ಗೆ ಬದಲಾಗಿ ಡಲ್ಲಾಸ್ ತಂಡ ಡೆಟ್ಲೆಫ್ ಶ್ರೆಂಫ್, ಸ್ಯಾಮ್ ಪರ್ಕಿನ್ಸ್ ಇಬ್ಬರನ್ನೂ ಕೊಡಲು ಸಿದ್ಧವಿದ್ದವು. ಕೊಟ್ಟುಬಿಡಿ ಎಂದು ಏಂಜ್ ಹೇಳಿದರು. ಅವರ್‌ಬ್ಯಾಕ್ ಕೊಡಲಿಲ್ಲ. 1989ರ ಫೆಬ್ರುವರಿಯಲ್ಲಿ ಅವರು ಸ್ಯಾಕ್ರಮೆಂಟೊಗೆ ಕಳಿಸಿದ್ದು ಏಂಜ್ ಅವರನ್ನೇ.

ಬರ್ಡ್ 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್ ಮುಗಿಸಿ ನಿವೃತ್ತರಾದರು, ಮೆಕ್‌ಹೇಲ್ ಮರು ವರ್ಷ. ಬಾಸ್ಟನ್‌ಗೆ ಮುಂದಿನ ಪಟ್ಟ ಸಿಗಲು 1986ರಿಂದ 22 ವರ್ಷ ಬೇಕಾಯಿತು. 1996-97ರಲ್ಲಂತೂ ತಂಡ 15 ಗೆದ್ದು 67 ಸೋತಿತು. ಸಮಯಕ್ಕೆ ಮಾರದಿದ್ದರೆ ಹೀಗಾಗುತ್ತದೆ ಎಂದು ಅಂದಿನಿಂದ ಇಂದಿನವರೆಗೂ ಈ ಕತೆಯನ್ನು ಪಾಠದಂತೆ ಹೇಳಿಕೊಂಡು ಬಂದಿದ್ದಾರೆ. ಈ ಪಾಠವನ್ನು ಒಪ್ಪುವುದು ಕಷ್ಟ. 1986ರ ಡ್ರಾಫ್ಟ್‌ನಲ್ಲಿ ಬಾಸ್ಟನ್ ಎರಡನೆಯವನಾಗಿ ಆರಿಸಿದ ಲೆನ್ ಬಯಾಸ್ ಎರಡೇ ದಿನಕ್ಕೆ ತೀರಿಕೊಂಡ. ಬರ್ಡ್ ನಂತರ ತಂಡ ಹೊರಬೇಕಿದ್ದ ರೆಗ್ಗಿ ಲೂಯಿಸ್ 1993ರ ಜುಲೈನಲ್ಲಿ ಅಭ್ಯಾಸದ ಅಂಗಳದಲ್ಲೇ ಕುಸಿದು ಪ್ರಾಣಬಿಟ್ಟ. ತಂಡದ ನಾಳೆಗಳು ಎರಡು ಸಲ ಸತ್ತವು. ಅದಕ್ಕೆ ಬರ್ಡ್‌ರ ಬೆನ್ನನ್ನು ದೂರುವುದು ನ್ಯಾಯವಲ್ಲ. ಬದಲಿಗೆ ಬರಬೇಕಿದ್ದವರನ್ನಾದರೂ ನೋಡಬೇಕು. ಸ್ಟಿಪನೊವಿಚ್ ಬರ್ಡ್‌ಗಿಂತ ಸುಮಾರು ನಾಲ್ಕು ವರ್ಷ ಚಿಕ್ಕವರು. ಮೊಣಕಾಲು ಕೆಟ್ಟು 1988ರ ನಂತರ ಅವರು ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಬರ್ಡ್ ಹೆಸರು ಲೀಗಿನ ನಿಯಮದಲ್ಲೂ ಉಳಿದಿದೆ. ತಂಡವೊಂದು ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಎಂಬ ಮಿತಿ 1984-85ರಲ್ಲಿ ಬಂತು. ಆಗ ಅದು 36 ಲಕ್ಷ ಡಾಲರ್. ತನ್ನದೇ ಹಳೆಯ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಆ ಮಿತಿಯನ್ನು ದಾಟಬಹುದು ಎಂಬ ರಿಯಾಯಿತಿಯನ್ನು ಇಂದಿಗೂ ಬರ್ಡ್ ಹೆಸರಿನಲ್ಲೇ ಕರೆಯುತ್ತಾರೆ. ಈ ಮಿತಿ ಬಂದ ಮೇಲೆ ಟ್ರೇಡ್‌ನ ಸ್ವರೂಪವೂ ಬದಲಾಯಿತು. ಆಟಗಾರನಿಗೆ ಆಟಗಾರ ಎಂಬ ಕಾಲ ಹೋಗಿ, ಎರಡು ಕಡೆಯ ಸಂಬಳಗಳು ಹೆಚ್ಚುಕಡಿಮೆ ಸರಿಹೊಂದಬೇಕಾದ ಕಾಲ ಬಂತು. ಆಟಗಾರನ ಒಪ್ಪಂದ ಯಾವ ವರ್ಷ ಮುಗಿಯುತ್ತದೆ ಎಂಬುದೇ ಅವನ ಆಟಕ್ಕಿಂತ ದೊಡ್ಡ ಗುಣವಾಗಿಬಿಟ್ಟಿತು.

ನ್ಯೂಯಾರ್ಕ್ ನಿಕ್ಸ್ ತಂಡ 2000ದಲ್ಲಿ ಇದನ್ನು ಮರೆತು ಕೆಟ್ಟಿತು. ಹದಿನೈದು ವರ್ಷ ಆ ತಂಡದ ಆಧಾರವಾಗಿದ್ದ ಪ್ಯಾಟ್ರಿಕ್ ಯೂಯಿಂಗ್‌ಗೆ ಆಗ 38 ವರ್ಷ. 1997ರ ಕೊನೆಯಲ್ಲಿ ಮಣಿಕಟ್ಟು ಮುರಿದಿತ್ತು, 1999ರ ಪ್ಲೇಆಫ್ ನಡುವೆ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದಿತ್ತು. ಅವರಿಲ್ಲದೆಯೂ ತಂಡ ಆ ವರ್ಷ ಫೈನಲ್ ತಲುಪಿದ್ದರಿಂದ ಇನ್ನು ಅವರು ಬೇಡ ಎಂಬ ಮಾತು ಊರಿನಲ್ಲಿ ಜೋರಾಯಿತು. ಒಪ್ಪಂದ ಮುಂದುವರಿಸುವ ಮಾತು ತಂಡದ ಬಾಯಿಂದ ಬರದಿದ್ದಾಗ ಯೂಯಿಂಗ್ ತಾವಾಗಿಯೇ ಬಿಡುಗಡೆ ಬಯಸಿದರು. ಆಗ ಅವರೂ ಆಟಗಾರರ ಸಂಘದ ಅಧ್ಯಕ್ಷರು. 1998-99ರಲ್ಲಿ ಮಾಲೀಕರು ಆಟಕ್ಕೇ ಬೀಗ ಹಾಕಿದ ದೀರ್ಘ ಸಂಘರ್ಷದಲ್ಲಿ ಆಟಗಾರರ ಮುಂದೆ ನಿಂತವರು. ಸೆಪ್ಟೆಂಬರ್‌ನಲ್ಲಿ ನಾಲ್ಕು ತಂಡಗಳ ನಡುವಿನ ಒಂದು ಸಿಕ್ಕಲು ವ್ಯವಹಾರದಲ್ಲಿ ಅವರು ಸಿಯಾಟಲ್‌ಗೆ ಹೋದರು. ಸುಮ್ಮನಿದ್ದಿದ್ದರೆ ಮರು ವರ್ಷ ಅವರ ಒಪ್ಪಂದ ತಾನಾಗಿ ಮುಗಿದು ನಿಕ್ಸ್‌ನ ದೊಡ್ಡ ಹೊರೆ ಇಳಿಯುತ್ತಿತ್ತು. ಬದಲಿಗೆ ಗ್ಲೆನ್ ರೈಸ್ ಮೊದಲಾದವರ ಉದ್ದನೆಯ ಒಪ್ಪಂದಗಳು ತಲೆಗೆ ಬಂದವು. ಹದಿನಾಲ್ಕು ವರ್ಷ ಬಿಡದೆ ಪ್ಲೇಆಫ್ ಆಡಿದ್ದ ತಂಡ 2002ರಲ್ಲಿ ಹೊರಗೆ ಕೂತಿತು.

ಉಳಿಸಿಕೊಂಡವರ ಕಡೆಯೂ ಎಲ್ಲ ಸೊಗಸಾಗಿಲ್ಲ. 2013ರ ಏಪ್ರಿಲ್‌ನಲ್ಲಿ ಕೋಬಿ ಬ್ರಯಾಂಟ್ ಅವರ ಅಕಿಲಿಸ್ ಹರಿಯಿತು. ನವೆಂಬರ್‌ನಲ್ಲಿ, ಅವರು ಇನ್ನೂ ಅಂಗಳಕ್ಕೆ ಮರಳುವ ಮೊದಲೇ, ಲಾಸ್ ಏಂಜಲೀಸ್ ಲೇಕರ್ಸ್ ಅವರ ಜೊತೆ ಎರಡು ವರ್ಷಕ್ಕೆ 4.85 ಕೋಟಿ ಡಾಲರ್‌ಗಳ ಹೊಸ ಒಪ್ಪಂದ ಮಾಡಿಕೊಂಡಿತು. ಆ ಋತುವಿನಲ್ಲಿ ಅವರು ಆಡಿದ್ದು 6 ಪಂದ್ಯ, ಮುಂದಿನದರಲ್ಲಿ 35. ತಂಡ ಕ್ರಮವಾಗಿ 27, 21, 17 ಪಂದ್ಯ ಗೆದ್ದು ತಳ ಹಿಡಿಯಿತು. ಆದರೆ ತಳ ಹಿಡಿದ ತಂಡಕ್ಕೆ ಡ್ರಾಫ್ಟ್‌ನಲ್ಲಿ ಮೇಲಿನ ಆಯ್ಕೆ ಸಿಗುತ್ತದೆ. ಹಾಗೆ ಸಿಕ್ಕವರಲ್ಲಿ ಒಬ್ಬನಾದ ಬ್ರ್ಯಾಂಡನ್ ಇಂಗ್ರಮ್‌ನನ್ನು ಇತರರ ಜೊತೆ ಕೊಟ್ಟು 2019ರಲ್ಲಿ ಲೇಕರ್ಸ್ ಆಂಥನಿ ಡೇವಿಸ್ ಅವರನ್ನು ತಂದಿತು, 2020ರಲ್ಲಿ ಪಟ್ಟ ಗೆದ್ದಿತು. 2016ರಲ್ಲಿ ತಮ್ಮ ಕೊನೆಯ ಪಂದ್ಯದಲ್ಲಿ ಬ್ರಯಾಂಟ್ 60 ಅಂಕ ಗಳಿಸಿದ್ದನ್ನು ನೋಡಿದ ಊರಿಗೆ ಆ ಮೂರು ಸೋಲಿನ ವರ್ಷಗಳು ದುಬಾರಿ ಎನಿಸಿರಲಾರದು.

ಡ್ಯಾನಿ ಏಂಜ್ 2003ರಲ್ಲಿ ಬಾಸ್ಟನ್‌ಗೆ ಮರಳಿದರು, ಈ ಸಲ ತಂಡ ಕಟ್ಟುವವರಾಗಿ. 2007ರಲ್ಲಿ ರೇ ಆಲನ್ ಮತ್ತು ಕೆವಿನ್ ಗಾರ್ನೆಟ್ ಅವರನ್ನು ತಂದು, ಆಗಲೇ ಇದ್ದ ಪಾಲ್ ಪಿಯರ್ಸ್ ಜೊತೆ ಸೇರಿಸಿದರು. ಹಿಂದಿನ ವರ್ಷ 24 ಪಂದ್ಯ ಗೆದ್ದಿದ್ದ ತಂಡ 66 ಗೆದ್ದಿತು, 2008ರ ಪಟ್ಟವನ್ನೂ ಗೆದ್ದಿತು. ಐದು ವರ್ಷ ಕಳೆಯುವಷ್ಟರಲ್ಲಿ ಮೆಕ್‌ಹೇಲ್-ಬರ್ಡ್ ಕಾಲದ ಪ್ರಶ್ನೆಯೇ ಅವರ ಮೇಜಿಗೆ ಬಂತು. ಪಿಯರ್ಸ್‌ಗೆ 35, ಗಾರ್ನೆಟ್‌ಗೆ 37. ಹಿಂದೆ ಕೂಟದಲ್ಲಿ ಕೊಟ್ಟ ಸಲಹೆಯನ್ನು ಏಂಜ್ ಈಗ ತಾವೇ ಪಾಲಿಸಿದರು.

ಕೊಳ್ಳುವವರು ಬ್ರೂಕ್ಲಿನ್ ನೆಟ್ಸ್. ನ್ಯೂಜೆರ್ಸಿಯಿಂದ ಎದ್ದು 2012ರಲ್ಲಿ ಬ್ರೂಕ್ಲಿನ್‌ನ ಹೊಸ ಕ್ರೀಡಾಂಗಣಕ್ಕೆ ಬಂದ ತಂಡ, ಅದರ ಮಾಲೀಕ ರಷ್ಯಾದ ಕುಬೇರ ಮಿಖಾಯಿಲ್ ಪ್ರೊಖೊರೊವ್. ಪಟ್ಟ ಬೇಕು, ಈಗಲೇ ಬೇಕು ಎಂಬ ಆತುರ ಅವರದು. 2013ರ ಜುಲೈನಲ್ಲಿ ಮುಗಿದ ವ್ಯವಹಾರದಲ್ಲಿ ಪಿಯರ್ಸ್, ಗಾರ್ನೆಟ್, ಜೇಸನ್ ಟೆರ್ರಿ ಬ್ರೂಕ್ಲಿನ್‌ಗೆ ಹೋದರು. ಬಾಸ್ಟನ್‌ಗೆ ಬಂದ ಆಟಗಾರರ ಹೆಸರುಗಳು ಈಗ ಯಾರಿಗೂ ಮುಖ್ಯವಲ್ಲ. ಮುಖ್ಯವಾದದ್ದು 2014, 2016, 2018ರ ಬ್ರೂಕ್ಲಿನ್‌ನ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳು, ಜೊತೆಗೆ 2017ರ ಆಯ್ಕೆಯನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕು. ಎರಡು ಸತತ ವರ್ಷಗಳ ಮೊದಲ ಸುತ್ತಿನ ಆಯ್ಕೆಯನ್ನು ಕೊಟ್ಟುಬಿಡಲು ಲೀಗಿನ ನಿಯಮ ಬಿಡುವುದಿಲ್ಲ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ಮಾಲೀಕ ಟೆಡ್ ಸ್ಟೆಪಿಯನ್ ತನ್ನ ಆಯ್ಕೆಗಳನ್ನೆಲ್ಲ ಹೀಗೆಯೇ ಖಾಲಿ ಮಾಡಿಕೊಂಡಾಗ ಬಂದ ನಿಯಮ ಅದು. ಅದರ ಅಂಚಿನವರೆಗೂ ಹೋಗಿ ಬ್ರೂಕ್ಲಿನ್ ತನ್ನ ಭವಿಷ್ಯವನ್ನು ಬರೆದುಕೊಟ್ಟಿತು.

ಬ್ರೂಕ್ಲಿನ್ ಆ ವರ್ಷ ಸಂಬಳದ ಮಿತಿ ಮೀರಿದ್ದಕ್ಕೆ ದಂಡವಾಗಿಯೇ 9 ಕೋಟಿ ಡಾಲರ್‌ಗೂ ಹೆಚ್ಚು ತೆತ್ತಿತು. ತಂಡ ಎರಡನೆಯ ಸುತ್ತಿನಲ್ಲಿ ಹೊರಬಿತ್ತು. ಪಿಯರ್ಸ್ ಒಂದೇ ವರ್ಷಕ್ಕೆ ವಾಷಿಂಗ್ಟನ್‌ಗೆ ಹೊರಟರು, ಗಾರ್ನೆಟ್ 2015ರಲ್ಲಿ ತಮ್ಮ ಮೊದಲ ತಂಡ ಮಿನೆಸೋಟಕ್ಕೆ ಮರಳಿದರು. ಬ್ರೂಕ್ಲಿನ್ 2015-16ರಲ್ಲಿ 61, ಮುಂದಿನ ವರ್ಷ 62 ಪಂದ್ಯ ಸೋತಿತು. ಆ ಸೋಲುಗಳ ಫಲವೆಲ್ಲ ಬಾಸ್ಟನ್‌ನದು. 2016ರ ಮೂರನೆಯ ಆಯ್ಕೆಯಲ್ಲಿ ಜೇಲನ್ ಬ್ರೌನ್ ಬಂದರು. 2017ರಲ್ಲಿ ಸಿಕ್ಕ ಮೊದಲ ಆಯ್ಕೆಯನ್ನು ಫಿಲಡೆಲ್ಫಿಯಾಗೆ ಕೊಟ್ಟು ಮೂರನೆಯ ಆಯ್ಕೆ ತೆಗೆದುಕೊಂಡಾಗ ಜೇಸನ್ ಟೇಟಮ್ ಬಂದರು. ಈ ಇಬ್ಬರೂ ಸೇರಿ 2024ರ ಜೂನ್‌ನಲ್ಲಿ ಬಾಸ್ಟನ್‌ಗೆ ಹದಿನೆಂಟನೆಯ ಪಟ್ಟ ತಂದರು.

ಹಾಗಾದರೆ ಮಾರುವುದೇ ಸರಿ ಎಂದು ಇದರಿಂದ ಸಾಬೀತಾಯಿತೆ? ಅಷ್ಟು ಸರಳವಿಲ್ಲ. ಇಂಥ ವ್ಯವಹಾರ ಗೆಲ್ಲಲು ಎದುರಿಗೆ ಅಷ್ಟೇ ಆತುರದ ಕೊಳ್ಳುವವರು ಇರಬೇಕು, ಅಂಥವರು ದಶಕಕ್ಕೊಬ್ಬರು ಸಿಕ್ಕರೆ ಹೆಚ್ಚು. ಇನ್ನೊಂದು ಮಾತೂ ಇದೆ. ಗಾರ್ನೆಟ್ ಒಪ್ಪಂದದಲ್ಲಿ ರಾಬರ್ಟ್‌ಸನ್ ಬರೆಸಿಕೊಂಡಿದ್ದಂಥದ್ದೇ ಷರತ್ತಿತ್ತು. ಅವರು ಒಪ್ಪದೆ ಕಾಗದ ಮುಂದೆ ಸರಿಯುವಂತಿರಲಿಲ್ಲ. ಪಿಯರ್ಸ್ ಜೊತೆಗಿರುತ್ತಾರೆ, ಗೆಲ್ಲಲು ಹೊರಟ ತಂಡ ಅದು ಎಂದು ನೋಡಿ ಅವರು ಒಪ್ಪಿದರು. ಬಾಸ್ಟನ್ ಜನ ಆ ಬೀಳ್ಕೊಡುಗೆಯನ್ನು ಕಣ್ಣೀರಿನಿಂದಲಾದರೂ ಒಪ್ಪಿಕೊಂಡದ್ದಕ್ಕೆ ಇದೂ ಕಾರಣ. ಪಿಯರ್ಸ್ ಅವರ ಅಂಗಿಯ 34ನೆಯ ಸಂಖ್ಯೆ 2018ರಲ್ಲಿ, ಗಾರ್ನೆಟ್ ಅವರ 5ನೆಯ ಸಂಖ್ಯೆ 2022ರಲ್ಲಿ ಗೌರವವಾಗಿ ಬಾಸ್ಟನ್ ಅಂಗಳದ ಮೇಲ್ಛಾವಣಿಗೇರಿದವು.

ಐಸೇಯಾ ಥಾಮಸ್ ಅವರ ಪಾಲಿಗೆ ಇದು ಯಾವುದೂ ಬರಲಿಲ್ಲ. ಐದಡಿ ಒಂಬತ್ತು ಇಂಚಿನ ಈ ಆಟಗಾರ 2016-17ರಲ್ಲಿ ಬಾಸ್ಟನ್ ಪರ ಪಂದ್ಯಕ್ಕೆ 28.9 ಅಂಕ ಗಳಿಸಿದರು. ಪ್ಲೇಆಫ್ ಮೊದಲ ಪಂದ್ಯದ ಹಿಂದಿನ ದಿನ ಅವರ ತಂಗಿ ಕಾರು ಅಪಘಾತದಲ್ಲಿ ತೀರಿಕೊಂಡರು. ಥಾಮಸ್ ಮರುದಿನ ಅಂಗಳಕ್ಕಿಳಿದರು. ಮೇ 2ರಂದು, ತಂಗಿಯ ಹುಟ್ಟುಹಬ್ಬದ ದಿನ, 53 ಅಂಕ ಗಳಿಸಿದರು. ಸೊಂಟದ ಕೀಲು ಕೆಟ್ಟಿದ್ದರೂ ಆಡುತ್ತಲೇ ಹೋದರು, ಆಡಲಾಗದ ಸ್ಥಿತಿ ಬಂದಾಗ ನಿಂತರು. ಆಗಸ್ಟ್‌ನಲ್ಲಿ ಬಾಸ್ಟನ್ ಅವರನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು ಕೈರಿ ಇರ್ವಿಂಗ್ ಅವರನ್ನು ತಂದಿತು. ಕ್ಲೀವ್‌ಲ್ಯಾಂಡ್ ವೈದ್ಯರು ಸೊಂಟ ನೋಡಿ ಹಿಂಜರಿದರು. ಕೆಲವು ದಿನ ಥಾಮಸ್ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಕೊನೆಗೆ ಬಾಸ್ಟನ್ ಎರಡನೆಯ ಸುತ್ತಿನ ಒಂದು ಡ್ರಾಫ್ಟ್ ಆಯ್ಕೆಯನ್ನು ಮೇಲೆ ಸೇರಿಸಿದ ಮೇಲೆ ವ್ಯವಹಾರ ಕುದುರಿತು. ಆಗ ಅವರಿಗೆ 28 ವರ್ಷ. ಮುಪ್ಪು ಎನ್ನುವಂತಿರಲಿಲ್ಲ, ಆದರೆ ಅಂಥ ಆಟ ಮತ್ತೆಂದೂ ಅವರಿಂದ ಬರಲಿಲ್ಲ. ದೊಡ್ಡ ಮೊತ್ತದ ಒಪ್ಪಂದವೂ ಸಿಗಲಿಲ್ಲ.

ವ್ಯವಹಾರದ ಕಣ್ಣಿನಿಂದ ಏಂಜ್ ಲೆಕ್ಕ ತಪ್ಪಿರಲಿಲ್ಲ. ಆದರೆ ತಂಡಕ್ಕಾಗಿ ಕೆಟ್ಟ ಸೊಂಟದಲ್ಲಿ ಆಡಿದವನನ್ನು ಆ ಸೊಂಟದ ಕಾರಣಕ್ಕೇ ಹೀಗೆ ತೂಗಿ ನೋಡಿದ್ದು ಆಟಗಾರರ ನಡುವೆ ಮರೆಯಲಿಲ್ಲ. ಎರಡು ವರ್ಷದ ನಂತರ ಆಂಥನಿ ಡೇವಿಸ್ ಅವರನ್ನು ತರಲು ಬಾಸ್ಟನ್ ಆಸೆಪಟ್ಟಾಗ, ಮಗ ಆ ತಂಡಕ್ಕೆ ಹೋಗುವುದು ತನಗಿಷ್ಟವಿಲ್ಲ ಎಂದು ಡೇವಿಸ್ ತಂದೆ ಬಹಿರಂಗವಾಗಿ ಹೇಳಿದರು. ಕೊಟ್ಟ ಕಾರಣ ಥಾಮಸ್‌ಗೆ ಆದದ್ದು. ಡೇವಿಸ್ ಲೇಕರ್ಸ್‌ಗೆ ಹೋದರು. ಮಾತು ಕೇಳದೆ ಮಾಡಿದ ವ್ಯಾಪಾರಕ್ಕೂ ಖರ್ಚಿದೆ. ಅದು ಆ ವರ್ಷದ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ, ಅಷ್ಟೇ.

ಈಗ ರಾಬರ್ಟ್‌ಸನ್‌ರ ಷರತ್ತು ನಿಯಮವಾಗಿ ನಿಂತಿದೆ. ಲೀಗಿನಲ್ಲಿ ಎಂಟು ವರ್ಷ, ಅದರಲ್ಲಿ ಅದೇ ತಂಡದಲ್ಲಿ ನಾಲ್ಕು ವರ್ಷ ಆಡಿದವರು ಹೊಸ ಒಪ್ಪಂದದಲ್ಲಿ ಅದನ್ನು ಕೇಳಬಹುದು. ತಂಡ ಕೊಡಲೇಬೇಕೆಂದಿಲ್ಲ, ಹಾಗಾಗಿ ಪಡೆದವರು ಬೆರಳೆಣಿಕೆಯಷ್ಟು. 2022ರಲ್ಲಿ ವಾಷಿಂಗ್ಟನ್ ಅದನ್ನು ಬ್ರಾಡ್ಲಿ ಬೀಲ್ ಅವರಿಗೆ ಕೊಟ್ಟಿತು, ಐದು ವರ್ಷಕ್ಕೆ 25 ಕೋಟಿ ಡಾಲರ್‌ಗೂ ಮೀರಿದ ಒಪ್ಪಂದದ ಜೊತೆ. ಮರು ವರ್ಷ ಅವರು ತಮ್ಮ ಇಷ್ಟದಂತೆ ಫೀನಿಕ್ಸ್‌ಗೆ ಹೋಗಲು ಒಪ್ಪಿದರು. ಷರತ್ತೂ ಅವರ ಜೊತೆ ಹೋಯಿತು. ಫೀನಿಕ್ಸ್‌ನಲ್ಲಿ ಗಾಯಗಳಿಂದಾಗಿ ಎರಡೂ ಋತುಗಳಲ್ಲಿ ಅವರು ಆಡಿದ್ದು ತಲಾ 53 ಪಂದ್ಯ. ತಂಡ ಅವರನ್ನು ಮಾರಲು ಬಯಸಿದರೂ ಅವರ ಒಪ್ಪಿಗೆಯ ಗೋಡೆ ದಾಟಲಾಗಲಿಲ್ಲ.

ಇದನ್ನು ತೋರಿಸಿ ಆಟಗಾರನ ಕೈಗೆ ಇಂಥ ಅಧಿಕಾರ ಕೊಡಬಾರದು ಎನ್ನುವವರಿದ್ದಾರೆ. ಆದರೆ ಫೀನಿಕ್ಸ್‌ಗೆ ಆ ಷರತ್ತು ಮೊದಲೇ ಗೊತ್ತಿತ್ತು, ಬೀಲ್ ಅವರ ಗಾಯಗಳ ಚರಿತ್ರೆಯೂ ಗೊತ್ತಿತ್ತು. ತಿಳಿದೂ ಕೊಂಡವರು ತಾವು ಮಾಡಿದ ತೀರ್ಮಾನದ ಭಾರ ತಾವೇ ಹೊರುವುದು, ಕೂಸಿಯ ಹೆಸರನ್ನು ಚೀಟಿಯಲ್ಲಿ ಬರೆದು ಟೋಪಿಗೆ ಹಾಕಿದ ಕಾಲಕ್ಕಿಂತ ಎಷ್ಟೋ ಮೇಲು. 2025ರ ಜುಲೈನಲ್ಲಿ ಎರಡೂ ಕಡೆಯವರು ಮಾತಾಡಿ ಮುಗಿಸಿದರು. ಬರಬೇಕಿದ್ದ ಹಣದಲ್ಲಿ ಬೀಲ್ ಸುಮಾರು 1.4 ಕೋಟಿ ಡಾಲರ್ ಬಿಟ್ಟುಕೊಟ್ಟು ಲಾಸ್ ಏಂಜಲೀಸ್ ಕ್ಲಿಪರ್ಸ್ ಸೇರಿದರು. ಉಳಿದ ಮೊತ್ತವನ್ನು ಫೀನಿಕ್ಸ್ ಐದು ವರ್ಷಗಳಿಗೆ ಹಂಚಿಕೊಂಡಿತು. 2030ರವರೆಗೆ ವರ್ಷಕ್ಕೆ ಸುಮಾರು 1.9 ಕೋಟಿ ಡಾಲರ್ ಅದರ ಸಂಬಳದ ಪಟ್ಟಿಯಲ್ಲಿ ಬೀಲ್ ಹೆಸರಿನ ಮುಂದೆ ಬೀಳುತ್ತಲೇ ಇರುತ್ತದೆ.